ತಿದ್ದಿಕೊಡಿ ಅಂದ ಮೇಲೆ

ಪಿಯಾನೊಗೆಂದು ನಾನು ಬರೆದ ಒಂದೂವರೆ ನಿಮಿಷದ ಪುಟ್ಟ ರಚನೆಯೊಂದಿದೆ. ಹೋದ ವರ್ಷ ಅದನ್ನು ಆರ್ಕೆಸ್ಟ್ರಾಗೆ ಅಳವಡಿಸುವ ಹುಚ್ಚು ಹಿಡಿಯಿತು. (ಆರ್ಕೆಸ್ಟ್ರಾ ಅಂದ ಕೂಡಲೇ ಗಣೇಶನ ಪೆಂಡಾಲ್ ಮುಂದಿನ ಸಿನಿಮಾ ಹಾಡುಗಳು ನೆನಪಾದರೆ ತಪ್ಪು ನಿಮ್ಮದಲ್ಲ. ನಾನು ಹೇಳುತ್ತಿರುವುದು ವಯಲಿನ್, ಚೆಲ್ಲೊ, ಫ್ಲೂಟ್, ಹಾರ್ನ್‌ಗಳ ಪಾಶ್ಚಾತ್ಯ ವಾದ್ಯವೃಂದ.) ಕಂಪ್ಯೂಟರಿನಲ್ಲಿ ಸ್ವರಲಿಪಿ ಸಿದ್ಧಮಾಡಿ, ಬಹಳ ವರ್ಷ ವಯಲಿನ್ ನುಡಿಸಿದ ಹಿರಿಯರೊಬ್ಬರ ಮುಂದಿಟ್ಟೆ. "ಸುಮ್ನೆ ಒಂದ್ಸಲ ನೋಡಿ ಸರ್, ತಪ್ಪಿದ್ರೆ ತಿದ್ದಿಕೊಡಿ" ಅಂದೆ. ಒಳಗಿದ್ದ ಆಸೆ ಬೇರೆ. ಭೇಷ್ ಅನ್ನಿಸಿಕೊಳ್ಳಬೇಕಿತ್ತು.

ಅವರು ಕೆಂಪು ಪೆನ್ನು ತೆಗೆದರು. "ನೋಡಮ್ಮ, ಪಿಯಾನೊದಲ್ಲಿ ಪೆಡಲ್ ಒತ್ತಿದ್ರೆ ಸ್ವರಗಳು ಒಂದರೊಳಗೊಂದು ಬೆರೆತು ಉಳ್ಕೊಳ್ತವೆ. ಇಲ್ಲಿ ಪೆಡಲ್ ಎಲ್ಲಿದೆ? ಆ ಗುಂಗನ್ನ ಯಾರಾದ್ರೂ ನುಡಿಸ್ಬೇಕು. ಹಾರ್ನ್‌ಗೆ ಕೊಡು." ಫ್ಲೂಟಿನ ಕೆಳಸ್ಥಾಯಿ ವಯಲಿನ್‌ಗಳ ಅಡಿ ಮುಚ್ಚಿಹೋಗುತ್ತದೆ ಎಂದರು. ಕಂಪ್ಯೂಟರಿನಲ್ಲಿ ಚೆನ್ನಾಗಿ ಕೇಳುತ್ತಲ್ಲ ಸರ್ ಎಂದೆ. "ಅಲ್ಲಿ ಊದೋರು ಯಾರೂ ಇಲ್ವಲ್ಲಮ್ಮ" ಅಂದರು. ಒಂದೊಂದೂ ನಿಜ.

ಹಾಗೇ ಹನ್ನೊಂದನೇ ಬಾರ್‌ಗೆ ಬಂದರು. ಉಳಿದೆಲ್ಲ ಬಾರ್‌ಗಳಲ್ಲಿ ನಾಲ್ಕು ಎಣಿಕೆ, ಅದೊಂದರಲ್ಲಿ ಐದು. "ಇಷ್ಟು ಸಣ್ಣದ್ರಲ್ಲಿ ಇದ್ಯಾಕೆ? ಇಪ್ಪತ್ತು ಜನ ಎಡವ್ತಾರೆ" ಎಂದು ಐದನೆಯದನ್ನು ಹೊಡೆದುಹಾಕಿದರು.

ಪಾರ್ಶ್ವವಾಯು ಆದಮೇಲೆ ಅಪ್ಪ ಕೋಲು ಹಿಡಿದು ಹಜಾರ ದಾಟುವಾಗ ಎಡಗಾಲು ಒಂದು ಕ್ಷಣ ತಡವಾಗಿ ಬರುತ್ತದೆ. ಆ ಐದನೇ ಎಣಿಕೆ ಅದು. ಹೇಳಬಹುದಿತ್ತು, ಹೇಳಲಿಲ್ಲ. ಹಾರ್ನ್ ವಿಷಯದಲ್ಲಿ ಸರಿಯಿದ್ದವರು ಇದರಲ್ಲೂ ಸರಿಯಿರಬೇಕು ಅನ್ನಿಸಿತು.

ಮನೆಗೆ ಬಂದಮೇಲೆ ನೆನಪಾದದ್ದು ಮುಸೋರ್ಗ್‌ಸ್ಕಿಯ ಎತ್ತಿನ ಗಾಡಿ. 1874ರಲ್ಲಿ ಆತ ಪಿಯಾನೊಗೆ ಬರೆದ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಕೃತಿಯಲ್ಲಿ ಅಂಥದ್ದೊಂದು ಗಾಡಿ ಬರುತ್ತದೆ. ಹಸ್ತಪ್ರತಿಯಲ್ಲಿ ಅದು ಮೊದಲ ಸ್ವರದಿಂದಲೇ ಅಬ್ಬರ. ಆತ 1881ರಲ್ಲಿ ತೀರಿಕೊಂಡ. 1886ರಲ್ಲಿ ಕೃತಿ ಅಚ್ಚಾದಾಗ, ಸಂಪಾದಿಸಿದ ಗೆಳೆಯ ರಿಮ್‌ಸ್ಕಿ-ಕೊರ್ಸಕೋವ್‌ನ ಪ್ರತಿಯಲ್ಲಿ ಗಾಡಿ ಮೆಲ್ಲಗೆ ದೂರದಿಂದ ಹೊರಟು ಹತ್ತಿರವಾಗುವಂತಾಯಿತು. 1922ರಲ್ಲಿ ರವೆಲ್ ಅದನ್ನು ಆರ್ಕೆಸ್ಟ್ರಾಗೆ ಅಳವಡಿಸುವಾಗ ಅನುಸರಿಸಿದ್ದು ಈ ತಿದ್ದಿದ ಪ್ರತಿಯನ್ನೇ. ಟ್ಯೂಬಾದ ದನಿಯಲ್ಲಿ ಇಂದಿಗೂ ಗಾಡಿ ದೂರದಿಂದಲೇ ಬರುತ್ತಿದೆ.

ರಿಮ್‌ಸ್ಕಿಯನ್ನು ಬೈಯುವುದು ಸುಲಭ. ಆದರೆ ಸತ್ತ ಸ್ನೇಹಿತನ ಕೃತಿಗಳು ಜನರನ್ನು ಮುಟ್ಟಲಿ ಅಂತ ದುಡಿದವನು ಅವನೇ. ಇನ್ನೂ ಕಷ್ಟದ ಮಾತೆಂದರೆ, ನನಗೂ ತಿದ್ದಿದ ಗಾಡಿಯೇ ಇಷ್ಟ. ಮೊದಲು ಕೇಳಿದ್ದು ಅದನ್ನೇ. ಮೂಲವನ್ನು ಕೇಳಿದಾಗ ಯಾರೋ ಬಾಗಿಲು ಒದ್ದ ಹಾಗೆ ಬೆಚ್ಚಿದೆ. ಮುಸೋರ್ಗ್‌ಸ್ಕಿಗೆ ಬೇಕಿದ್ದದ್ದು ಹಾಗೆ ಬೆಚ್ಚಿಸುವುದೇ ಇರಬಹುದಲ್ಲವೇ? ಅವನನ್ನು ಕೇಳುವಂತಿರಲಿಲ್ಲ. ನಾನು ಬದುಕಿದ್ದೆ, ಎದುರಿಗೇ ಕೂತಿದ್ದೆ!

ಹಾಗಂತ ಸರ್ ಮೇಲೆ ದೂರು ಹಾಕುವ ಹಾಗಿಲ್ಲ. ಫ್ಲೂಟಿನ ಬಗ್ಗೆ ಅವರಿಗೆ ಗೊತ್ತು, ಅಪ್ಪನ ಎಡಗಾಲಿನ ಬಗ್ಗೆ ನನಗೆ ಗೊತ್ತು. ಎರಡನ್ನೂ ಅದೇ ಕೆಂಪು ಪೆನ್ನಿಗೆ ಒಪ್ಪಿಸಿ ಅದನ್ನು ವಿನಯ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ಹೆದರಿಕೆ. ಬೇಕಂತಲೇ ಹಾಕಿದ್ದು ಅಂದರೆ, ಚೆನ್ನಾಗಿಲ್ಲ ಅನ್ನಿಸಿಕೊಳ್ಳಲೂ ತಯಾರಿರಬೇಕು. ತಪ್ಪು ಅನ್ನಿಸಿಕೊಳ್ಳುವುದು ಅದಕ್ಕಿಂತ ಸುಲಭ.

ತಿದ್ದಿದ್ದನ್ನು ಅಪ್ಪನಿಗೆ ಕೇಳಿಸಿದೆ. "ಚೆನ್ನಾಗಿದೆ, ಸರಾಗವಾಗಿ ಹೋಗುತ್ತೆ" ಅಂದರು.

ಮರುದಿನ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೊದಲೇ ಹೇಳೋದಲ್ವೇನಮ್ಮ? ವಾಪಸ್ ಹಾಕು. ಆದ್ರೆ ಅಲ್ಲಿ ಹಾರ್ನ್ ತೆಗೆದುಬಿಡು. ಆ ಒಂದು ಎಣಿಕೆ ಯಾರೂ ನುಡಿಸೋದು ಬೇಡ."