ಸಂತೋಷಕ್ಕೊಂದು ನೆಪ

ಅಮೆರಿಕದ ಮಿಡ್‌ವೆಸ್ಟ್ ಊರುಗಳಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಡಿಗಳಿಗೆ ಕ್ಯಾಂಡಿ ಕಾರ್ನ್ ಎಂಬ ಮಿಠಾಯಿ ಬರುತ್ತದೆ. ಮುಸುಕಿನ ಜೋಳದ ಕಾಳಿನ ಆಕಾರ. ಬುಡದಲ್ಲಿ ಹಳದಿ, ನಡುವೆ ಕಿತ್ತಳೆ, ತುದಿಯಲ್ಲಿ ಬಿಳಿ. 1880ರ ದಶಕದಲ್ಲಿ ಫಿಲಡೆಲ್ಫಿಯಾದ ಮಿಠಾಯಿ ಕಾರ್ಖಾನೆಯೊಂದರಲ್ಲಿ ಹುಟ್ಟಿತು ಎನ್ನುತ್ತಾರೆ. ಹ್ಯಾಲೋವೀನ್ ಹಬ್ಬ ಮುಗಿದ ಮರುದಿನವೇ ಅದರ ಬೆಲೆ ಇಳಿಯುತ್ತದೆ, ಆಮೇಲೆ ಮುಂದಿನ ವರ್ಷದವರೆಗೆ ಅದನ್ನು ಕೇಳುವವರು ಕಡಿಮೆ. ನನ್ನ ನಾಲಿಗೆಗೆ ಅದು ಸಕ್ಕರೆ ಬೆರೆಸಿದ ಮೇಣದಬತ್ತಿ. ಆದರೂ ಪ್ರತಿ ವರ್ಷ ಒಂದು ಪೊಟ್ಟಣ ತರುತ್ತೇನೆ, ಪ್ರಬಂಧ ತಿದ್ದುತ್ತ ಕೂತಾಗ ಅದು ತನ್ನಷ್ಟಕ್ಕೆ ಖಾಲಿಯಾಗುತ್ತದೆ.

ಈ ಮಿಠಾಯಿಯ ವಿಷಯದಲ್ಲಿ ನನಗೆ ಇಷ್ಟವಾಗುವ ಸಂಗತಿಯೆಂದರೆ, ಅದನ್ನು ತಿನ್ನುವವರು ಯಾರೂ ಸಮರ್ಥನೆ ಕೊಡುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಿಲ್ಲ, ಲೋಕಕ್ಕೆ ಉಪಕಾರ ಅನ್ನುವುದಿಲ್ಲ. ಎಲೆ ಕೆಂಪಾಗುವ ಕಾಲ, ಬಾಯಿ ಬಯಸಿತು, ತಿಂದೆವು. ಅಷ್ಟೇ.

ಅದೇ ಋತುವಿನ ಇನ್ನೊಂದು ಸಂತೋಷಕ್ಕೆ ಮಾತ್ರ ಸಮರ್ಥನೆಗಳ ಸಾಲೇ ಇದೆ. ಅದು ಮೋನಾರ್ಕ್ ಚಿಟ್ಟೆಗಳನ್ನು ಮನೆಯಲ್ಲಿ ಸಾಕುವುದು. ಮಿಲ್ಕ್‌ವೀಡ್ ಎಂಬ ಹಾಲು ಸುರಿಸುವ ಗಿಡದ ಎಲೆಯಡಿ ಸಾಸಿವೆಗಿಂತ ಚಿಕ್ಕದಾದ ಮೊಟ್ಟೆ ಇರುತ್ತದೆ. ಅದನ್ನು ಎಲೆಸಮೇತ ಕಿತ್ತು ತಂದು ಬಲೆಯ ಗೂಡಿನಲ್ಲಿಡುತ್ತಾರೆ. ನಾಲ್ಕೈದು ದಿನಕ್ಕೆ ಮರಿ ಹೊರಬರುತ್ತದೆ. ಎರಡು ವಾರ ಎಲೆ ತಿನ್ನುವುದೇ ಕೆಲಸ. ಹಳದಿ, ಕಪ್ಪು, ಬಿಳಿ ಪಟ್ಟೆಗಳ ಆ ಹುಳು ತಿನ್ನುವಾಗ ಕಿವಿಗೊಟ್ಟರೆ ಸಣ್ಣ ಕರಕರ ಸದ್ದು ಕೇಳುತ್ತದೆ. ಆಮೇಲೆ ತಲೆಕೆಳಗಾಗಿ ಜೋತು, ಚರ್ಮ ಕಳಚಿ, ಚಿನ್ನದ ಚುಕ್ಕಿಗಳಿರುವ ಎಳೆಹಸಿರು ಕೋಶವಾಗುತ್ತದೆ. ಇನ್ನೂ ಸುಮಾರು ಹತ್ತು ಹನ್ನೆರಡು ದಿನ ಕಳೆದರೆ ಕೋಶ ಗಾಜಿನಂತೆ ಪಾರದರ್ಶಕವಾಗಿ ಒಳಗಿನ ಕಿತ್ತಳೆ ರೆಕ್ಕೆ ಕಾಣುತ್ತದೆ. ಬೇಸಿಗೆಯಲ್ಲಿ ಹುಟ್ಟಿದ ಮೋನಾರ್ಕ್ ಕೆಲವೇ ವಾರ ಬದುಕುತ್ತದೆ. ಶರತ್ಕಾಲದ ಹೊಸ್ತಿಲಲ್ಲಿ ಹುಟ್ಟುವ ಪೀಳಿಗೆ ಬೇರೆ. ಅದು ಮೊಟ್ಟೆಯಿಡುವ ಕೆಲಸವನ್ನು ಮುಂದೂಡಿ, ಎಂಟು ತಿಂಗಳವರೆಗೂ ಬದುಕಿ, ಸಾವಿರಾರು ಕಿಲೋಮೀಟರ್ ಹಾರಿ ಮಧ್ಯ ಮೆಕ್ಸಿಕೋದ ಬೆಟ್ಟಗಳ ಓಯಮೆಲ್ ಮರಗಳನ್ನು ಸೇರುತ್ತದೆ. ದಾರಿ ತೋರಿಸುವ ಹಿರಿಯರಿಲ್ಲ. ಹಿಂದಿನ ವರ್ಷ ಹೋದ ಚಿಟ್ಟೆಗಳು ಸತ್ತು ಮೂರು ನಾಲ್ಕು ಪೀಳಿಗೆಗಳಾಗಿರುತ್ತವೆ. ಇದನ್ನು ಅಂಗೈ ಮೇಲೆ ಕೂರಿಸಿ ಹಾರಿಬಿಡುವ ಸುಖ ಎಂಥದೆಂದು ವಿವರಿಸಬೇಕಿಲ್ಲ.

ನಾನು ಇಲ್ಲಿ ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬೀದಿಯಾಚೆಯ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದಾರೆ. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜಿ ಎಂದೇ ಕರೆಯುವುದು. ಹೋದ ವರ್ಷ ಅವರ ಹಿಂದಿನ ಜಗುಲಿಯಿಂದ ಇನ್ನೂರಕ್ಕೂ ಹೆಚ್ಚು ಮೋನಾರ್ಕ್‌ಗಳು ಹಾರಿಹೋದವು. ಹಲವಕ್ಕೆ ಹೆಸರಿತ್ತು. ಹೊರಗೆ ಬಿಟ್ಟರೆ ನೂರು ಮೊಟ್ಟೆಗಳಲ್ಲಿ ಚಿಟ್ಟೆಯಾಗುವುದು ಹತ್ತಕ್ಕಿಂತ ಕಡಿಮೆ, ನನ್ನ ಗೂಡಿನಲ್ಲಿ ತೊಂಬತ್ತು ಉಳಿಯುತ್ತವೆ ಎಂಬುದು ಅವರ ಲೆಕ್ಕ. ಯಾರೋ ಪರಿಚಯದವರು, ನೀವು ಮಾಡುತ್ತಿರುವುದು ಆ ಚಿಟ್ಟೆಗಳಿಗೇ ಕೆಡುಕು ಎಂದುಬಿಟ್ಟರಂತೆ. "ನೀನು ಓದುವುದೇ ಸರಿತಪ್ಪುಗಳ ಬಗ್ಗೆಯಲ್ಲವೇ, ಹೇಳು ನೋಡೋಣ, ನಿಲ್ಲಿಸಿಬಿಡಲೇ?" ಎಂದು ನನ್ನನ್ನು ಕೇಳಿದರು. ಅವರ ದಿನಚರಿಯೇ ಆ ಗೂಡುಗಳ ಸುತ್ತ ಕಟ್ಟಿಕೊಂಡಿದೆ ಎಂಬುದನ್ನು ಬಲ್ಲ ನನಗೆ ಅದು ಸೆಮಿನಾರಿನ ಪ್ರಶ್ನೆಯಾಗಿ ಕೇಳಿಸಲಿಲ್ಲ.

ಕೆಡುಕು ಎನ್ನುವವರ ಬಳಿ ಆಧಾರವಿದೆ. ಒತ್ತೊತ್ತಾಗಿ ಸಾಕಿದಲ್ಲಿ ಓಇ ಎಂದು ಕರೆಯುವ ಪರಾವಲಂಬಿ ಜೀವಿ ಸುಲಭವಾಗಿ ಹರಡುತ್ತದೆ. 2019ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು, ವ್ಯಾಪಾರಕ್ಕೆಂದು ಬೆಳೆಸಿದ ಮೋನಾರ್ಕ್‌ಗಳು ಶರತ್ಕಾಲದಲ್ಲಿ ದಕ್ಷಿಣಕ್ಕೆ ಮುಖ ಮಾಡುವುದನ್ನೇ ಕಳೆದುಕೊಂಡಿವೆ ಎಂದು ತೋರಿಸಿದರು. ಕಾಡು ಚಿಟ್ಟೆಗಳ ಮರಿಗಳನ್ನು ಮನೆಯೊಳಗೆ ಬೆಳೆಸಿದಾಗಲೂ ಹಾಗೇ ಆಯಿತು. ಮರುವರ್ಷದ ಇನ್ನೊಂದು ಅಧ್ಯಯನದ ಪ್ರಕಾರ ಸಾಕಿದ ಚಿಟ್ಟೆಗಳ ಹಿಡಿತ ದುರ್ಬಲ, ಬಣ್ಣ ಪೇಲವ. ಆದರೆ 2021ರಲ್ಲಿ ಕೆನಡಾದ ಸಂಶೋಧಕರು ಸಾಕಿದ ಚಿಟ್ಟೆಗಳಿಗೆ ಪುಟ್ಟ ರೇಡಿಯೋ ಕಟ್ಟಿ ಬಯಲಿಗೆ ಬಿಟ್ಟರು. ಪ್ರಯೋಗದ ಪೀಪಾಯಿಯಲ್ಲಿ ತಡವರಿಸಿದ ಗುಂಪು, ಬಯಲಿನಲ್ಲಿ ಬಹುಪಾಲು ಸರಿಯಾದ ದಿಕ್ಕಿಗೇ ಹಾರಿತು. ಅಂದರೆ ವಿಜ್ಞಾನ ಅಜ್ಜಿಯನ್ನು ಪೂರ್ತಿ ದೋಷಿಯೂ ಮಾಡಿಲ್ಲ, ಪೂರ್ತಿ ಬಿಟ್ಟೂ ಕಳಿಸಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಜಗುಲಿಯಲ್ಲಿ ಉಳಿಯುತ್ತಿರುವುದು ಯಾರು? ಮೆಕ್ಸಿಕೋದ ಕಾಡಿನಲ್ಲಿ ಚಿಟ್ಟೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ, ಎಣಿಸಲಾಗುವುದೂ ಇಲ್ಲ. ಅವು ಕವಿದ ಮರಗಳು ಎಷ್ಟು ಹೆಕ್ಟೇರಿನಲ್ಲಿವೆ ಎಂದು ಅಳೆಯುತ್ತಾರೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್; 2013-14ರಲ್ಲಿ 0.67, 2024-25ರಲ್ಲಿ 1.79. ಒಂದು ಹೆಕ್ಟೇರಿನಲ್ಲಿ ಕೋಟಿ ಲೆಕ್ಕದಲ್ಲಿ ಚಿಟ್ಟೆಗಳಿರುತ್ತವೆ. ಆ ಅಳತೆಯಲ್ಲಿ ಇನ್ನೂರು ಕಾಣುವುದೇ ಇಲ್ಲ. ಪರಿಸರ ನೀತಿಯ ಹಳೆಯ ಜಗಳವೂ ಇದೇ: ಆಲ್ಡೊ ಲಿಯೊಪೋಲ್ಡ್‌ನ ದಾರಿಯಲ್ಲಿ ನಡೆಯುವವರಿಗೆ ಮುಖ್ಯವಾದದ್ದು ಇಡೀ ಜೀವಸಮುದಾಯ, ಟಾಮ್ ರೇಗನ್ ಥರದವರಿಗೆ ಸಮುದಾಯದ ಹೆಸರಿನಲ್ಲಿ ಒಂದೊಂದು ಜೀವವನ್ನು ಬದಿಗೊತ್ತುವುದೇ ಅಪಾಯಕಾರಿ. ಅಜ್ಜಿ ಪ್ರೀತಿಸುವುದು ಒಂದೊಂದನ್ನು, ಸಮರ್ಥಿಸಿಕೊಳ್ಳುವುದು ಇಡೀ ಸಂತತಿಯ ಹೆಸರಿನಲ್ಲಿ. ತೊಡಕಿರುವುದು ಈ ಅದಲುಬದಲಿನಲ್ಲಿ.

ಐರಿಸ್ ಮರ್ಡಾಕ್ ತನ್ನ 'ದಿ ಸಾವರಿನ್ಟಿ ಆಫ್ ಗುಡ್' (1970) ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾಳೆ. ತನಗಾದ ಯಾವುದೋ ಅವಮಾನವನ್ನು ಮೆಲುಕು ಹಾಕುತ್ತ ಕಿಟಕಿಯಾಚೆ ನೋಡಿದಾಗ ಗಾಳಿಯಲ್ಲಿ ನಿಂತಂತೆ ಹಾರುವ ಒಂದು ಕೆಸ್ಟ್ರಲ್ ಹಕ್ಕಿ ಕಾಣುತ್ತದೆ. ಆ ಕ್ಷಣ ಇರುವುದು ಹಕ್ಕಿ ಮಾತ್ರ, 'ನಾನು' ಇಲ್ಲ. ಪಾಠ ಮಾಡುವಾಗ ಈ ಪುಟಕ್ಕೆ ಬಂದರೆ ನನಗೆ ಈಗ ಬಲೆಯ ಗೂಡು ನೆನಪಾಗುತ್ತದೆ. ಮರ್ಡಾಕ್‌ಳ ಹಕ್ಕಿ ಕಿಟಕಿಯ ಆಚೆಗಿತ್ತು. ಅದಕ್ಕೆ ಅವಳಿಂದ ಏನೂ ಆಗಬೇಕಿರಲಿಲ್ಲ. ಅಜ್ಜಿಯ ಹುಳುವಿಗೆ ದಿನಾ ಬೆಳಿಗ್ಗೆ ತಾಜಾ ಎಲೆ ಬೇಕು, ಹಿಕ್ಕೆ ಒರೆಸಬೇಕು. ಕೋಶ ಕಳಚುವ ಹೊತ್ತಿಗೆ ಉಸಿರು ಬಿಗಿಹಿಡಿದು ಕೂತ ಅವರ ಮುಖ ನೋಡಿದ್ದೇನೆ. ಅಲ್ಲಿಯೂ 'ನಾನು' ಇರಲಿಲ್ಲ. ಆ ಮುಖ ನೋಡಿದ ಮೇಲೆ, ಸಾಕುವುದು ಬರೀ ಸ್ವಾಮ್ಯದ ಆಸೆ ಎಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ "ಈ ವರ್ಷ ಇನ್ನೂರ ಹದಿನಾಲ್ಕು ಉಳಿಸಿದೆ" ಎನ್ನುವಾಗ 'ನಾನು' ವಾಪಸು ಬಂದಿರುತ್ತದೆ.

ಸಂತೋಷಕ್ಕೆ ತನ್ನದೇ ಒಂದು ಅಳತೆ ಇದೆ. ಐದು ಹುಳುಗಳನ್ನು ನೋಡಿದಷ್ಟು ಗಮನವಿಟ್ಟು ಐವತ್ತನ್ನು ನೋಡಲಾಗದು, ಕಣ್ಣು ದಣಿಯುತ್ತದೆ. ಸೇವೆಗೆ ಆ ಅಳತೆಯಿಲ್ಲ. ಉಳಿಸುವುದೇ ಗುರಿಯಾದರೆ ಐದರಲ್ಲಿ ಏಕೆ ನಿಲ್ಲಬೇಕು? ಐವತ್ತು, ಇನ್ನೂರು, ಮತ್ತೆರಡು ಗೂಡು. ರೋಗ ಹರಡುವುದು ಆ ಸಂಖ್ಯೆಯಲ್ಲೇ. ನನಗೆ ತೋರುವಂತೆ ಇಲ್ಲಿ ಕೆಡುಕಿನ ಮೂಲ ಖುಷಿಯಲ್ಲ. ಖುಷಿಗೆ ನಾಚಿ ಅದಕ್ಕೆ ಹೊದಿಸಿದ ಸೇವೆಯ ಶಾಲು.

ಸಮರ್ಥನೆ ಬೇಡದ ಮಿಠಾಯಿ ನಿರಪರಾಧಿಯೇನಲ್ಲ. ಪೊಟ್ಟಣದ ಹಿಂದೆ ಓದಿ: ಸಕ್ಕರೆ, ಕಾರ್ನ್ ಸಿರಪ್, ಕನ್ಫೆಕ್ಷನರ್ಸ್ ಗ್ಲೇಜ್. ಆ ಸಿರಪ್ ಮುಸುಕಿನ ಜೋಳದ್ದು. 1990ರ ದಶಕದ ಕೊನೆಗೆ ಗ್ಲೈಫೋಸೇಟ್ ಕಳೆನಾಶಕ ತಡೆಯುವ ಸೋಯಾ ಮತ್ತು ಜೋಳ ಬಂದವು, ಹೊಲದ ಸಾಲುಗಳ ನಡುವಿನ ಮಿಲ್ಕ್‌ವೀಡ್ ಹೋಯಿತು. 1999ರಿಂದ 2010ರ ನಡುವೆ ಮಿಡ್‌ವೆಸ್ಟ್‌ನ ಮಿಲ್ಕ್‌ವೀಡ್ ಶೇ. 58ರಷ್ಟು ಇಳಿಯಿತೆಂದು ಇಬ್ಬರು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಆ ಜೋಳದ ದೊಡ್ಡ ಪಾಲು ದನ, ಹಂದಿ, ಕೋಳಿಗಳ ಮೇವಿಗೂ ಎಥನಾಲಿಗೂ ಹೋಗುತ್ತದೆ. ಮಿಠಾಯಿಗೆ ಸೇರುವುದು ಚಿಟಿಕೆಯಷ್ಟು. ಆದರೂ ಕಾಳಿನ ಆಕಾರ ನೋಡಿದಾಗ ನಗು ಬರುತ್ತದೆ. ಇನ್ನು ಆ ಹೊಳಪು? ಗ್ಲೇಜ್ ಅಂದರೆ ಅರಗು. ಪಾಂಡವರ ಅರಗಿನ ಮನೆಯ ಅದೇ ಅರಗು. ಅದನ್ನು ಹೆಚ್ಚು ಬೆಳೆಯುವ ದೇಶ ನಮ್ಮದು, ಅದರಲ್ಲೂ ಜಾರ್ಖಂಡ್. ಮುತ್ತುಗ, ಬೋರೆ ಮರಗಳ ಕೊಂಬೆಗಳ ಮೇಲೆ ಪುಟ್ಟ ಹುಳುಗಳು ಸ್ರವಿಸಿದ್ದನ್ನು ಕೆರೆದು ತೆಗೆಯುತ್ತಾರೆ, ಜೊತೆಗೆ ಹುಳುಗಳೂ ಸಾಯುತ್ತವೆ. ಅವಕ್ಕೆ ಯಾರೂ ಹೆಸರಿಡುವುದಿಲ್ಲ.

ಮೋನಾರ್ಕ್‌ನ ದಾಯಾದಿಗಳು ನಮ್ಮಲ್ಲೂ ಇವೆ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಚಿಟ್ಟೆ ಮೊಟ್ಟೆಯಿಡುವ ಗಿಡಗಳಲ್ಲಿ ಎಕ್ಕವೂ ಒಂದು. ಎಕ್ಕ ಮಿಲ್ಕ್‌ವೀಡಿನ ಬಳಗದ್ದೇ. ಅದೇ ಬಿಳಿ ಹಾಲು, ಅದೇ ವಿಷ. ರಥಸಪ್ತಮಿಯ ದಿನ ತಲೆ ಮೇಲೆ ಏಳು ಎಕ್ಕದೆಲೆ ಇಟ್ಟು ಅಮ್ಮ ನೀರು ಹಾಕುವಾಗ, ಎಲೆಯ ಬೆನ್ನಿಗೆ ಯಾರದೋ ಮೊಟ್ಟೆ ಇತ್ತೇ ಎಂದು ನೋಡಿದವರಿಲ್ಲ. ನಮ್ಮ ಕಡೆ ಯಾರೂ ಈ ಚಿಟ್ಟೆಯನ್ನು ಸಾಕಿ ಉಳಿಸಲಿಲ್ಲ. ದನ ಮುಟ್ಟದ ಎಕ್ಕವನ್ನು ರಸ್ತೆಬದಿಯಿಂದ, ಪಾಳು ಸೈಟುಗಳಿಂದ ಕಿತ್ತೆಸೆಯುವ ಉಸಾಬರಿಗೆ ಹೋಗಲಿಲ್ಲ, ಅಷ್ಟೇ. ಇದು ನಮ್ಮ ದೊಡ್ಡಗುಣವಲ್ಲ, ಸೋಮಾರಿತನ. ಚಿಟ್ಟೆಗೆ ಅದರಿಂದ ನಷ್ಟವೇನೂ ಆಗಿಲ್ಲ.

ಅಜ್ಜಿಗೆ ನಾನು ನಿಲ್ಲಿಸಿ ಎನ್ನಲಿಲ್ಲ. ಉಳಿಸುವ ಆಸೆಯಿದ್ದರೆ ಅದನ್ನು ಅಂಗಳಕ್ಕೆ ಕೊಡಿ, ಹುಲ್ಲುಹಾಸಿನ ಅರ್ಧ ತೆಗೆದು ಮಿಲ್ಕ್‌ವೀಡ್ ಹಾಕಿ, ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಟವುಗಳಿಗೆ ಮಕರಂದ ಕೊಡುವ ಆಸ್ಟರ್, ಗೋಲ್ಡನ್‌ರಾಡ್ ಬಿಡಿ ಎಂದೆ. ನೋಡುವ ಆಸೆಗೆ ನಿಮ್ಮ ಅಂಗಳದ್ದೇ ನಾಲ್ಕೈದು ಮೊಟ್ಟೆ ಸಾಕು. ಗೂಡು ಹೊರಗೇ ನೆರಳಿನಲ್ಲಿರಲಿ, ಯಾರಾದರೂ ಕೇಳಿದರೆ "ನನಗೆ ಇಷ್ಟ" ಎಂದಷ್ಟೇ ಹೇಳಿ ಎಂದೆ. ಕೊನೆಯ ಮಾತು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತೆಂದು ಕಾಣುತ್ತದೆ. ಈ ವರ್ಷ ಒಂದೇ ಗೂಡು ಇಟ್ಟಿದ್ದಾರೆ, ಹನ್ನೆರಡು ಹುಳು. ನಾಲ್ಕೈದಲ್ಲ, ಹನ್ನೆರಡು, ಅದರ ಬಗ್ಗೆ ಚರ್ಚೆ ಬೇಡವೆಂದಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಪ್ಪಂದವಾಗಿಲ್ಲ. ಅಂಗಳದ ಗಿಡದಲ್ಲಿ ಆಗತಾನೇ ಹೊರಬಂದ ಮರಿಯ ಹತ್ತಿರ ಇರುವೆ ಹರಿದು ಬರುತ್ತಿದ್ದರೆ, ಕಣ್ಣಾರೆ ನೋಡುತ್ತ ಸುಮ್ಮನೆ ನಿಲ್ಲಬೇಕೇ ಎಂದು ಕೇಳುತ್ತಾರೆ. ಇರುವೆಗೂ ಹಸಿವಿದೆ ಎನ್ನುತ್ತೇನೆ ನಾನು. ಅವರು ತಲೆಯಾಡಿಸುತ್ತಾರೆ. ನಾನು ಇತ್ತ ತಿರುಗಿದ ಮೇಲೆ ಬೆರಳಿನಿಂದ ಇರುವೆಯನ್ನು ಪಕ್ಕಕ್ಕೆ ಸರಿಸುತ್ತಾರೆ ಎಂಬುದು ನನಗೆ ಗೊತ್ತಿದೆ.