ಮೈಲಿಗೆಗೊಂದು ಸರ್ಕಾರಿ ಕಟ್ಟಡ

ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಲವು ಗೊಲ್ಲರಹಟ್ಟಿಗಳ ಅಂಚಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಪುಟ್ಟ ಕಟ್ಟಡವೊಂದಿದೆ. ಕೃಷ್ಣ ಕುಟೀರ ಎಂದು ಕೆಲವೆಡೆ, ಮಹಿಳಾ ಭವನ ಎಂದು ಕೆಲವೆಡೆ ಅದರ ಹೆಸರು. ಕಾಡುಗೊಲ್ಲರ ಸಂಪ್ರದಾಯದಂತೆ ಮುಟ್ಟಾದ ಹೆಣ್ಣು, ಹೆತ್ತ ಬಾಣಂತಿ ಹಟ್ಟಿಯೊಳಗೆ ಇರುವಂತಿಲ್ಲ, ದೇವರಿಗೆ ಮೈಲಿಗೆ. ಮುಟ್ಟಾದವಳಿಗೆ ಕೆಲವು ದಿನ, ಬಾಣಂತಿಗೆ ವಾರಗಟ್ಟಲೆ ಊರಾಚೆಯ ಗುಡಿಸಲೇ ಗತಿ. ಇದನ್ನು ಕಂಡು ಮರುಗಿದ ಆಡಳಿತ ಗುಡಿಸಲಿನ ಬದಲಿಗೆ ಗಟ್ಟಿ ಸೂರು, ಬಾಗಿಲು, ಶೌಚಾಲಯ ಕೊಡಲು ಹೊರಟಿತು. ಉದ್ದೇಶದಲ್ಲಿ ಕೆಡುಕಿಲ್ಲ. ಆದರೆ ಆ ಗೋಡೆಗಳು ಒಂದು ಹಳೆಯ ಪ್ರಶ್ನೆಯನ್ನು ಎತ್ತುತ್ತವೆ: ನಂಬಿಕೆಯೊಂದು ಮೈಗೆ ಕೇಡು ಮಾಡುತ್ತಿರುವಾಗ, ಆ ನಂಬಿಕೆಯ ಬಗ್ಗೆ ತುಟಿ ಬಿಚ್ಚದೆ ಕೇಡನ್ನಷ್ಟೇ ತಗ್ಗಿಸಲು ಸಾಧ್ಯವೇ? ಸಾಧ್ಯವಿಲ್ಲ ಎಂಬುದು ನನ್ನ ವಾದ. ಧರ್ಮದ ಗೊಡವೆ ನಮಗೆ ಬೇಡ ಎಂದು ಇಲಾಖೆ ಎಷ್ಟೇ ಹೇಳಿಕೊಳ್ಳಲಿ, ಬಾಣಂತಿ ಎಲ್ಲಿ ಮಲಗಬೇಕು ಎಂದು ಗೆರೆ ಎಳೆದ ಗಳಿಗೆಯಲ್ಲೇ ಅದು ದೇವರ ವಿಚಾರದಲ್ಲಿ ಒಂದು ಪಕ್ಷ ವಹಿಸಿಯಾಗಿರುತ್ತದೆ.

ಮೊದಲು ಮೈಯ ಮಾತು. ಹುಟ್ಟಿದ ಕೂಸಿಗೆ ತನ್ನ ಕಾವನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಚರ್ಮದಡಿಯ ಕೊಬ್ಬು ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ದಿನ ತುಂಬದೆ ಹುಟ್ಟಿದ ಮಗುವಾದರೆ ಗಾಳಿಮಳೆಯ ಒಂದು ರಾತ್ರಿಯೇ ಮುಳುವಾದೀತು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಲ್ಲಿ ತಾಯಿಯ ಜೊತೆಗಿದ್ದ ಹಸುಗೂಸು ಶೀತದಿಂದ ಸತ್ತ ಸುದ್ದಿ ನಾಡಿಗೆಲ್ಲ ತಿಳಿಯಿತು. ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೆಮ್ಮೆ ಪಡಬೇಕಾದ ಅಂಕಿಯೇ. ಆದರೆ ಆಸ್ಪತ್ರೆಯ ಮೆಟ್ಟಿಲಿಳಿದ ಬಾಣಂತಿ ಎಲ್ಲಿಗೆ ಹೋಗುತ್ತಾಳೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಅಲ್ಲಿಂದ ಮುಂದೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಮನೆಗೆ ಹೋಗಿ ಮಗುವಿನ ತೂಕ, ಕಾವು, ಎದೆಹಾಲು, ತಾಯಿಯ ಜ್ವರ, ರಕ್ತಸ್ರಾವ ನೋಡಬೇಕೆಂಬ ನಿಯಮವಿದೆ. ಇಲಾಖೆ ಯಾವ ದಿನಗಳನ್ನು ತಾಯಿ–ಮಗುವಿಗೆ ಅತಿ ಅಪಾಯದ ದಿನಗಳೆಂದು ಎಣಿಸಿದೆಯೋ, ಸಂಪ್ರದಾಯ ಅವರನ್ನು ಹೊರಗಿಡುವುದೂ ಅವೇ ದಿನಗಳಲ್ಲಿ. ಎರಡು ಪಂಚಾಂಗಗಳೂ ಒಂದೇ ಮೈಯ ಮೇಲೆ ಹಕ್ಕು ಹೂಡುತ್ತಿವೆ. ಒಂದು ಗೆಲ್ಲಬೇಕಾದರೆ ಇನ್ನೊಂದು ಸೋಲಲೇಬೇಕು.

ಹದಿಹರೆಯದವರ ವಿಷಯವೂ ಹೀಗೆಯೇ. ಶುಚಿ ಯೋಜನೆಯ ಪ್ಯಾಡು, ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚನೆ, ಇವೆಲ್ಲ ಇವೆ. ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇರುವಾಗ ಇವು ಬೇಕೇ ಬೇಕು. ಆದರೆ ಮುಟ್ಟು ಸಹಜ ಎಂದು ಬೆಳಿಗ್ಗೆ ತರಗತಿಯಲ್ಲಿ ಕಲಿತ ಹುಡುಗಿ ಸಂಜೆ ಹಟ್ಟಿಯ ಹೊರಗೆ ಕೂರುತ್ತಾಳೆ. ಸಹಜವಾದದ್ದು ದೇವರಿಗೇಕೆ ಆಗದು ಎಂಬ ಅವಳ ಮರುಪ್ರಶ್ನೆಗೆ ಪಾಠದಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಅಜ್ಜಿಯ ಮಾತೇ ಗೆಲ್ಲುತ್ತದೆ, ಗೆಲ್ಲಬೇಕಾದದ್ದೂ ಹೌದು.

ದೇವರ ವಿಷಯದಲ್ಲಿ ಮಾತಾಡಲು ಸರ್ಕಾರ ಯಾರು ಎಂದು ಕೇಳಬಹುದು. ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟೇ ಅದನ್ನು ಕೊಡುತ್ತದೆ. ಆರೋಗ್ಯದ ಷರತ್ತು ಯಾರೋ ಆಮೇಲೆ ಸೇರಿಸಿದ್ದಲ್ಲ. ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ರಾಜ್ಯ ತಂದು, 2020ರಲ್ಲಿ ಜಾರಿಗೊಳಿಸಿದ ಕಾನೂನು ಮುಟ್ಟಾದ ಅಥವಾ ಗರ್ಭಿಣಿ ಹೆಣ್ಣನ್ನು ಬಲವಂತವಾಗಿ ಹೊರಗಿಡುವುದನ್ನಷ್ಟೇ ಅಲ್ಲ, ಹಾಗೆ ಹೊರಗಿಡಲು ಅನುಕೂಲ ಮಾಡಿಕೊಡುವುದನ್ನೂ ನಿಷೇಧಿಸುತ್ತದೆ. ಒಂದು ಕೈಯಲ್ಲಿ ಈ ಕಾನೂನು, ಇನ್ನೊಂದು ಕೈಯಲ್ಲಿ ಕುಟೀರದ ಬೀಗದ ಕೈ ಹಿಡಿದು ನಿಂತ ಸರ್ಕಾರದ ಪಾಡು ಮುಜುಗರದ್ದು.

ಆದರೂ ಕಾನೂನಿನ ಮಾತು ಅರ್ಧ ಮಾತು. ಹೆಣ್ಣಿನ ರಕ್ತದಿಂದ ದೇವರಿಗೆ ಮೈಲಿಗೆಯಾಗುತ್ತದೆಯೇ ಎಂಬುದನ್ನು ಈ ನೆಲದಲ್ಲಿ ಮೊದಲು ಪ್ರಶ್ನಿಸಿದವರು ವೈದ್ಯರಲ್ಲ, ನ್ಯಾಯಾಧೀಶರೂ ಅಲ್ಲ, ಭಕ್ತರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣಧರ್ಮ ಅಲ್ಲಗಳೆಯಿತು. ಅದರ ಹಿಂದಿನ ತರ್ಕ ಗಟ್ಟಿಯಾದದ್ದು. ಇಷ್ಟಲಿಂಗ ಕಟ್ಟಿಕೊಂಡವಳಿಗೆ ಅದನ್ನು ಬಿಚ್ಚಿಡುವ ದಿನವೆಂಬುದಿಲ್ಲ. ದೇವರೇ ಮೈಮೇಲೆ ನೆಲೆಸಿರುವಾಗ ಆ ಮೈ ತಿಂಗಳಿಗೆ ಮೂರು ದಿನ ದೇವರಿಗೆ ಹೊರಗಾಗುವುದಾದರೂ ಹೇಗೆ? ಪಂಜಾಬಿನಲ್ಲಿ ಗುರುನಾನಕರೂ ಸೂತಕವನ್ನು ಭ್ರಮೆಯೆಂದೇ ಕರೆದರು. ಶರಣರ ಮಾತು ಕಾಡುಗೊಲ್ಲರ ದೈವ ಜುಂಜಪ್ಪನ ಒಕ್ಕಲಿಗೆ ಏಕೆ ಅನ್ವಯವಾಗಬೇಕು ಎಂಬ ಆಕ್ಷೇಪ ಸರಿಯಾದದ್ದೇ. ಹೇರಬೇಕೆಂದು ನಾನು ಹೇಳುತ್ತಿಲ್ಲ. ಮೈಲಿಗೆಯನ್ನು ನಿರಾಕರಿಸುವುದು ದೇವರನ್ನು ನಿರಾಕರಿಸಿದಂತಲ್ಲ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ ಎಂದಷ್ಟೇ ನನ್ನ ಮಾತು. ಶರಣರ ಹೆಸರು ಹೇಳುವ ಎಷ್ಟೋ ಮನೆಗಳಲ್ಲಿ ಇಂದಿಗೂ ‘ಹೊರಗೆ ಕೂರುವುದು’ ನಡೆದೇ ಇದೆ. ಸಿದ್ಧಾಂತವೊಂದೇ ಸಾಲದು ಎಂಬುದಕ್ಕೂ ಅದೇ ಸಾಕ್ಷಿ.

ಹೊರಗೆ ಕೂರಿಸುವುದರಿಂದ ಹೆಣ್ಣಿಗೆ ಬಿಡುವು ಸಿಗುತ್ತದಲ್ಲ ಎಂಬ ವಾದ ಬಹಳ ಜನಪ್ರಿಯ. ಬಿಡುವು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿ ಋತುಮತಿಯಾದಳೆಂದು ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಅವಳಿಗೆ ಎಣ್ಣೆ, ಅರಿಶಿನ, ಕುಂಕುಮ ಅರ್ಪಿಸುತ್ತಾರೆ. ಬಿಡುವಿನ ಜೊತೆಗೆ ಮರ್ಯಾದೆಯೂ ಇದೆ, ಮತ್ತು ಭೂಮಿಯನ್ನು ಯಾರೂ ಊರಾಚೆ ಕಳಿಸುವುದಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆಯೂ ಬಿಡುವೇ. ಆ ದಿನ ಅವಳು ಎಲ್ಲಿರಬೇಕು ಎಂದು ಅದು ಕೇಳುವುದಿಲ್ಲ. ಹಟ್ಟಿಯಾಚೆ ಇರುವವಳಿಗಾದರೋ ಅಡುಗೆಮನೆ ಮುಚ್ಚಿರುತ್ತದೆ, ಹೊಲದ ಕೆಲಸ ಮಾತ್ರ ಬಹಳ ಕಡೆ ತಪ್ಪುವುದಿಲ್ಲ. ಆರಾಮಕ್ಕಾಗಿಯೇ ಈ ಪದ್ಧತಿ ಬಂತು ಎನ್ನುವವರು ಇದನ್ನು ವಿವರಿಸಲಿ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೆಂಗಸರೇ ಒಪ್ಪಿ ಹೋಗುತ್ತಾರೆ, ತಡೆಯಲು ನೀವು ಯಾರು? ಒಪ್ಪಿಗೆ ನಿಜವೇ ಇರಬಹುದು. ಅದು ಎಂಥ ಒಪ್ಪಿಗೆ ಎಂದು ನೋಡಬೇಕು. ತಾನು ಒಳಗೆ ಬಂದರೆ ದೇವರು ಮುನಿದು ಮನೆಯವರಿಗೆ, ಮಕ್ಕಳಿಗೆ, ಕುರಿಹಿಂಡಿಗೆ ಕೇಡಾದೀತು ಎಂಬ ಭಯ ಅವಳದು. ಅಂದರೆ ಬೇರೆಯವರಿಗಾಗಿ ತನ್ನ ಮೈಯನ್ನು ಒತ್ತೆಯಿಡುತ್ತಿದ್ದಾಳೆ. ಇದನ್ನು ಮೂಢತನ ಎಂದು ತಳ್ಳಿಹಾಕುವ ಭಾಷಣಕಾರರಿಗೆ ಅವಳಲ್ಲಿರುವ ಹೊಣೆಗಾರಿಕೆ ಕಾಣುವುದೇ ಇಲ್ಲ. ಹೊಣೆಗಾರಿಕೆಯಿಂದ ಹುಟ್ಟಿದ ಭಯಕ್ಕೆ ಗೋಡೆಬರಹ ಉತ್ತರವಾಗದು; ‘ಏನಾದರೂ ಆದರೆ ನನಗಾಗಲಿ’ ಎಂದು ಇನ್ನೊಬ್ಬರು ಮುಂದೆ ಬಂದು ಮುಟ್ಟಬೇಕಾಗುತ್ತದೆ. ಆ ಮುಟ್ಟುವಿಕೆಯೇ ವಾದ. ಇಂದು ಆ ಭಾರವೆಲ್ಲ ಆಶಾ ಕಾರ್ಯಕರ್ತೆಯ ತಲೆಯ ಮೇಲಿದೆ. ಆಶಾ ಅದೇ ಊರಿನವಳಾಗಿರಬೇಕು ಎಂಬುದು ನಿಯಮ. ಸಾಮಾನ್ಯವಾಗಿ ಊರಿನ ಸೊಸೆಯೇ ಆಗಿರುತ್ತಾಳೆ. ಹಟ್ಟಿಯ ಆಶಾ ಆದರೆ ತಿಂಗಳಿಗೊಮ್ಮೆ ಅವಳೂ ಹೊರಗೇ. ಕೈಗೆ ತೂಕದ ಜೋಳಿಗೆ ಕೊಟ್ಟು ಅವಳೊಬ್ಬಳನ್ನೇ ದೇವರ ಎದುರು ನಿಲ್ಲಿಸುವುದು ಅನ್ಯಾಯ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರಲಿ, ತಹಶೀಲ್ದಾರರು ಬರಲಿ, ಮುಖ್ಯವಾಗಿ ಪೂಜಾರಿಯೊಂದಿಗೆ ಕೂತು ಮಾತಾಡಲಿ.

ಹೀಗೆ ಮಾತಾಡಲು ಹೋಗುವ ಪಟ್ಟಣದ ಅಧಿಕಾರಿಯ ಮನೆಯ ದೇವರಕೋಣೆಗೂ ಅದೇ ನಿಯಮವಿರಬಹುದು ಎಂಬುದನ್ನು ಮರೆಯಬಾರದು. ಔಷಧದಂಗಡಿಯಲ್ಲಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿಕೊಡುವವರು ಕಾಡುಗೊಲ್ಲರಲ್ಲ. ಕಾನೂನು ಬಡ ಹಟ್ಟಿಯ ಬಾಗಿಲನ್ನು ಮಾತ್ರ ತಟ್ಟಿದರೆ ಅದು ಇನ್ನೊಂದು ಬಗೆಯ ಮಡಿಯಾದೀತು.

ಉಳಿದದ್ದು ನಿಜಕ್ಕೂ ಕಷ್ಟದ ಪ್ರಶ್ನೆ. ಇವತ್ತು ರಾತ್ರಿಯೇ ಮಳೆ ಬರುತ್ತಿದೆ, ಬಾಣಂತಿ ಹೊರಗಿದ್ದಾಳೆ. ಆಗಲೂ ಕುಟೀರ ಬೇಡವೇ? ನೇಪಾಳದ ಅನುಭವ ಇಲ್ಲಿ ಎಚ್ಚರ ಹೇಳುತ್ತದೆ. ಮುಟ್ಟಾದವರನ್ನು ಗುಡಿಸಲಿಗೆ ಕಳಿಸುವ ಛೌಪಡಿಯನ್ನು ಅಲ್ಲಿನ ಸುಪ್ರೀಂ ಕೋರ್ಟು 2005ರಲ್ಲಿ ನಿಷೇಧಿಸಿತು. 2017ರ ಕಾನೂನು ಮೂರು ತಿಂಗಳ ಸೆರೆ ಅಥವಾ ಮೂರು ಸಾವಿರ ರೂಪಾಯಿ ದಂಡ ಗೊತ್ತುಮಾಡಿತು. ಮುಂದೆ ಸಾವಿರಾರು ಗುಡಿಸಲುಗಳನ್ನು ಕೆಡವಿದರು. ಭಯ ಉಳಿದಿದ್ದ ಕಡೆ ಹೆಂಗಸರು ದನದ ಕೊಟ್ಟಿಗೆಗೋ ಇನ್ನೂ ಕೆಟ್ಟ ಜಾಗಕ್ಕೋ ಹೋದರು. ಆದ್ದರಿಂದ ಇರುವ ಕುಟೀರಕ್ಕೆ ನಾಳೆಯೇ ಬೀಗ ಹಾಕಿ ಎನ್ನುವವನು ನಾನಲ್ಲ. ಆದರೆ ಈ ರಾತ್ರಿಗೆ ಬಾಗಿಲು ತೆರೆಯುವುದು ಬೇರೆ, ಮುಂದಿನ ವರ್ಷದ ಬಜೆಟ್ಟಿನಲ್ಲಿ ಇನ್ನಷ್ಟು ಕುಟೀರಗಳಿಗೆ ಹಣ ಇಡುವುದು ಬೇರೆ. ಮೊದಲನೆಯದು ಕರುಣೆ, ಎರಡನೆಯದು ಮೈಲಿಗೆಗೆ ಸರ್ಕಾರದ ಮೊಹರು. ಈಗಿರುವ ಕಟ್ಟಡಗಳಲ್ಲಿ ಅಂಗನವಾಡಿ ನಡೆಯಲಿ, ತಿಂಗಳ ಗ್ರಾಮ ಆರೋಗ್ಯ ದಿನದ ತಪಾಸಣೆ, ಚುಚ್ಚುಮದ್ದು ಅಲ್ಲೇ ಆಗಲಿ, ಗಂಡಸರೂ ಬಿ.ಪಿ. ನೋಡಿಸಿಕೊಳ್ಳಲು ಅಲ್ಲಿಗೇ ಬರಲಿ. ಊರೆಲ್ಲ ಹೊಕ್ಕು ಹೊರಡುವ ಜಾಗವನ್ನು ಮೈಲಿಗೆಯ ಜಾಗವೆಂದು ಕಾಪಾಡಿಕೊಳ್ಳುವುದು ಕಷ್ಟ. ಹಟ್ಟಿ ಮತ್ತೊಂದು ಗುಡಿಸಲು ಹಾಕಿಕೊಂಡೀತು, ನಿಜ. ಆಗ ವಾದ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದರೆ ಪೂಜಾರಿಯ ಎದುರು ಕೂತ ವೈದ್ಯರು ‘ನಿಮ್ಮ ಸರ್ಕಾರವೇ ಕಟ್ಟಿಸಿಕೊಟ್ಟಿದೆಯಲ್ಲ ಸ್ವಾಮಿ’ ಎಂಬ ಮಾತನ್ನು ಕೇಳಿಸಿಕೊಳ್ಳಬೇಕಾಗಿ ಬರುವುದಿಲ್ಲ.