ಹರಕೆ ಹೊತ್ತ ಮೇಲೆ ಡಾಕ್ಟರಿಗೆ ತೋರಿಸಬಹುದೇ?

ಪ್ರಶ್ನೆ: ಮಗನ ಮದುವೆಯಾಗಿ 6 ವರ್ಷ. ಸೊಸೆಗೆ ಗ್ರಹದೋಷವಂತೆ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಕಟ್ಟಿದ್ದೇವೆ. ಈಗ ಡಾಕ್ಟರಿಗೆ ತೋರಿಸಿದರೆ ಹರಕೆ ಕೆಡುತ್ತದೆಯೇ?
– ಗೃಹಿಣಿಯೊಬ್ಬರು, ಮಾಗಡಿ

ಉತ್ತರ: ಕೆಡುವುದಿಲ್ಲ ತಾಯಿ, ಖಂಡಿತ ತೋರಿಸಿ. ನವಗ್ರಹಗಳಲ್ಲಿ ಒಬ್ಬನಾದ ಚಂದ್ರನಿಗೇ ಕ್ಷಯ ಬಂದಿತ್ತಲ್ಲ! ದಕ್ಷನ 27 ಹೆಣ್ಣುಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡದ್ದಕ್ಕೆ ಮಾವ ಕೊಟ್ಟ ಶಾಪ ಅದು. ಪ್ರಭಾಸದಲ್ಲಿ ಶಿವನನ್ನು ಪೂಜಿಸಿದರೂ ರೋಗ ಪೂರ್ತಿ ಬಿಡಲಿಲ್ಲ. ಒಂದು ಪಕ್ಷ ಕರಗುತ್ತಾನೆ, ಇನ್ನೊಂದು ಪಕ್ಷ ಬೆಳೆಯುತ್ತಾನೆ. ಆ ಕಥೆಯಲ್ಲಿ ತಪ್ಪು ಗಂಡನದು. ಹೆಂಡತಿಯರ ಜಾತಕ ಯಾರೂ ಬಿಚ್ಚಲಿಲ್ಲ. ನಿಮ್ಮ ಪತ್ರದಲ್ಲಾದರೋ ದೋಷವೆಲ್ಲ ಸೊಸೆಯದೇ, ಮಗನ ಸುದ್ದಿಯೇ ಇಲ್ಲ. ತೊಟ್ಟಿಲು ಕಟ್ಟಿದ್ದು ಇಬ್ಬರ ಪರವಾಗಿ ತಾನೇ? ಪರೀಕ್ಷೆಗೂ ಇಬ್ಬರನ್ನೂ ಕಳಿಸಿ. ಮಳೂರಿಗೆ ಮತ್ತೆ ಹೋಗುವಾಗ ಬೆಣ್ಣೆ ಮರೀಬೇಡಿ.